ಹೊಸಿಲ ಮೇಲಿನ ಕೆಂಚ



ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳು. ಒಂದು ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಡಲು ಸಿರಿಗೆರೆಯ ಕಡೆ ಹೊರಟಿದ್ದೆ. ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ ಮೆಕ್ಕೆಜೋಳದ ಹೊಲಗಳು. ಸಿರಿಗೆರೆ ಎಂದರೆ ತರಳಬಾಳು ಬೃಹನ್ಮಠದ ಊರು, ಶಾಲೆ ಹಾಸ್ಟೆಲುಗಳ ಊರು, ಶರಣರ ವಚನಗಳು ಮಕ್ಕಳ ಬಾಯಲ್ಲಿರುವ ಊರು. ನಮ್ಮ ವಿಶ್ವಾಸಿಗಳ ಮನೆಗಳು ಆ ಕಡೆ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದರಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗ ದೂರದ ಊರಿನಲ್ಲಿ ಕೆಲಸದಲ್ಲಿದ್ದಾನೆ.

ನನ್ನ ಬೈಕಿನ ಹಿಂದೆ ನಮ್ಮ ಉಪದೇಶಿಯವರು ಕುಳಿತಿದ್ದರು. ಅಜ್ಜಿಯ ಬೀದಿಗೆ ತಿರುಗುವಾಗ ಒಂದು ಬೆಕ್ಕು ಎಡದಿಂದ ಬಲಕ್ಕೆ ಓಡಿತು. ಕೆಂಪು ಎನ್ನಬೇಕೋ ಹಳದಿ ಎನ್ನಬೇಕೋ ತಿಳಿಯದಂಥ ಬಣ್ಣ, ಮೈಮೇಲೆ ಪಟ್ಟೆ. ಉಪದೇಶಿಯವರು ನನ್ನ ಭುಜ ತಟ್ಟಿ, "ಸ್ವಾಮಿ, ಒಂದು ನಿಮಿಷ ನಿಲ್ಲಿಸಿ ಹೋಗೋಣ" ಎಂದರು. ಪರಮಪ್ರಸಾದದಲ್ಲಿರುವ ಪ್ರಭುವನ್ನು ಎದೆಗೆ ಒತ್ತಿಕೊಂಡು ಹೋಗುತ್ತಿರುವ ನಾವು ಒಂದು ಬೆಕ್ಕಿಗೆ ಹೆದರಿ ನಿಲ್ಲಬೇಕೇ ಎಂದು ನಗುತ್ತಾ ಮುಂದೆ ಹೋದೆ. ಅಜ್ಜಿಯ ಮನೆ ತಲುಪಿದಾಗ ನೋಡಿದರೆ, ಅದೇ ಬೆಕ್ಕು ಹೊಸಿಲ ಮೇಲೆ ಕುಳಿತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು!

"ಇವನ ಹೆಸರು ಕೆಂಚ, ಸ್ವಾಮಿ. ಎಲ್ಲಿಂದಲೋ ಬಂದ. ಈಗ ಇಲ್ಲೇ ಇದ್ದಾನೆ" ಎಂದು ಅಜ್ಜಿ ಪರಿಚಯ ಮಾಡಿಸಿದರು. ಪ್ರಾರ್ಥನೆ ಮುಗಿಯಿತು, ಪ್ರಸಾದ ಸ್ವೀಕಾರವಾಯಿತು. ಚಹಾ ಕುಡಿಯುವಾಗ ನಾನು ಔಪಚಾರಿಕವಾಗಿ, "ಬಹಳ ದಿನವಾಯಿತು, ಬರಲಾಗಲಿಲ್ಲ" ಎಂದೆ. ಐದು ತಿಂಗಳಾಗಿತ್ತು. ಸಭೆಗಳು, ಕಟ್ಟಡದ ಕೆಲಸ, ಹಬ್ಬಗಳು, ಕಾರಣಗಳಿಗೆ ಕೊರತೆಯಿರಲಿಲ್ಲ. ಅಜ್ಜಿ ಬೇಸರಿಸಿಕೊಳ್ಳಲಿಲ್ಲ. ಬೆಕ್ಕಿನ ಬೆನ್ನು ಸವರುತ್ತಾ, "ಪರವಾಗಿಲ್ಲ ಸ್ವಾಮಿ, ನೀವು ಬರದ ದಿನಗಳಲ್ಲಿ ಇವನು ಬರುತ್ತಿದ್ದ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಒಂದು ಬೆಕ್ಕನ್ನು ಇಷ್ಟು ಪ್ರೀತಿಸುವುದು ಪಾಪವಾಗುತ್ತದೆಯೇ? ಯಾರೋ ಹಾಗೆ ಹೇಳಿದರು."

ನಾನು ಗುರುಮಠದಲ್ಲಿ ಕಲಿತ ಪಾಠವನ್ನು ಒಪ್ಪಿಸಿದೆ. ಪ್ರಾಣಿಗಳಿಗೆ ದಯೆ ತೋರಬೇಕು, ಆದರೆ ಮನುಷ್ಯರಿಗೆ ಸಲ್ಲಬೇಕಾದ ಪ್ರೀತಿ ಅವುಗಳಿಗೆ ಹೋಗಬಾರದು ಎಂದೆ. ಮಾತು ಸರಿಯಾಗಿಯೇ ಇತ್ತು. ಆದರೆ ದಾರಿಯುದ್ದಕ್ಕೂ ಮನಸ್ಸು ಚುಚ್ಚುತ್ತಿತ್ತು. ಆ ಮನುಷ್ಯರ ಪ್ರೀತಿ ಆಕೆಯ ಮನೆಗೆ ಎಷ್ಟು ಬಾರಿ ಬಂದಿತ್ತು? ಈ ವಾರದ ಚಿಂತನೆ ಆ ಪ್ರಶ್ನೆಯಿಂದ ಹುಟ್ಟಿದ್ದು.

ಅಡ್ಡ ಬಂದದ್ದು ಯಾರು?

ಮೊದಲು ಅಪಶಕುನದ ಮಾತನ್ನು ಮುಗಿಸಿಬಿಡೋಣ. ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎಂಬ ಭಯ ನಮ್ಮ ನೆರೆಹೊರೆಯವರದು ಮಾತ್ರವಲ್ಲ, ಜಪಸರ ಹಿಡಿದ ನಮ್ಮದೂ ಹೌದು. ಯೂರೋಪಿನ ಕ್ರೈಸ್ತರೂ ಇದರಿಂದ ಹೊರತಾಗಿರಲಿಲ್ಲ. 1233ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯವರು ಬರೆದ ಪತ್ರವೊಂದರಲ್ಲಿ, ಧರ್ಮವಿರೋಧಿಗಳೆಂದು ಆಪಾದಿತರಾದವರ ಗುಪ್ತಕೂಟದ ವರ್ಣನೆಯಲ್ಲಿ ಒಂದು ಕಪ್ಪು ಬೆಕ್ಕು ಬರುತ್ತದೆ. ಮನುಷ್ಯನ ಭಯ ಬೆಕ್ಕಿನ ಮೈಮೇಲೆ ಕುಳಿತದ್ದು ಹೀಗೆ. ಬೆಕ್ಕಿಗೆ ನಮ್ಮ ಪರೀಕ್ಷೆ, ಮದುವೆ, ವ್ಯಾಪಾರ ಯಾವುದೂ ತಿಳಿಯದು. ಅದು ರಸ್ತೆಯ ಆಚೆಗೆ ಹೋಗುತ್ತಿರುತ್ತದೆ, ಅಷ್ಟೆ. ಅದಕ್ಕೆ ಹೆದರಿ ನಿಲ್ಲುವವನು ಮೊದಲನೆಯ ಕಟ್ಟಳೆಯನ್ನು ಸ್ವಲ್ಪ ಮರೆತಿದ್ದಾನೆ.

ಪವಿತ್ರ ಬೈಬಲಿನಲ್ಲಿ ಸಾಕುಬೆಕ್ಕಿನ ಹೆಸರು ಒಂದೇ ಒಂದು ಕಡೆ ಬರುತ್ತದೆ. ಅದು ನಮ್ಮ ಕಥೋಲಿಕ ಬೈಬಲಿನಲ್ಲಿರುವ ಬಾರೂಕನ ಗ್ರಂಥದ 6ನೇ ಅಧ್ಯಾಯ. ವಿಗ್ರಹಗಳಿಗೆ ಜೀವವಿಲ್ಲ ಎಂದು ತೋರಿಸಲು ಅಲ್ಲಿ ಬರೆದಾತ, ಅವುಗಳ ಮೇಲೆ ಬಾವಲಿಗಳೂ ಹಕ್ಕಿಗಳೂ ಕೂರುತ್ತವೆ, ಬೆಕ್ಕುಗಳೂ ಕೂರುತ್ತವೆ ಎಂದು ಹೇಳುತ್ತಾನೆ. ನಾವು ಬೆಕ್ಕಿನಲ್ಲಿ ಮೂಢನಂಬಿಕೆಯನ್ನು ಕಾಣುತ್ತೇವೆ. ಬೈಬಲಿನಲ್ಲಿ ಬೆಕ್ಕೇ ಮೂಢನಂಬಿಕೆಯ ತಲೆಯ ಮೇಲೆ ಕುಳಿತಿದೆ!

ನಮ್ಮ ನಾಡಿನಲ್ಲೇ ಇದಕ್ಕೆ ತದ್ವಿರುದ್ಧವಾದ ಊರೂ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಅಲ್ಲಿಯವರು ಬೆಕ್ಕಿಗೆ ಹೊಡೆಯುವುದಿಲ್ಲ, ಸತ್ತ ಬೆಕ್ಕನ್ನು ಮಣ್ಣು ಮಾಡುತ್ತಾರೆ. ಸೃಷ್ಟಿಯನ್ನು ನಾವು ಪೂಜಿಸುವುದಿಲ್ಲ, ಸೃಷ್ಟಿಕರ್ತನನ್ನು ಮಾತ್ರ ಪೂಜಿಸುತ್ತೇವೆ. ಆದರೆ ಆ ಊರಿನ ಮಕ್ಕಳು ಬೆಕ್ಕಿನ ಮೇಲೆ ಕಲ್ಲೆಸೆಯುವುದಿಲ್ಲ, ನಮ್ಮ ದೇವಾಲಯದ ಆವರಣದಲ್ಲಿ ಆಡುವ ಮಕ್ಕಳು ಎಸೆಯುತ್ತಾರೆ ಎಂದಾದರೆ ತಲೆ ತಗ್ಗಿಸಬೇಕಾದವರು ನಾವೇ.

ಕೆಂಪು ಬಣ್ಣದ ಗುಟ್ಟು

ಕೆಂಚನ ಬಣ್ಣದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಕೆಂಬೆಕ್ಕುಗಳಲ್ಲಿ ಐದರಲ್ಲಿ ನಾಲ್ಕು ಗಂಡು. ಈ ಬಣ್ಣವನ್ನು ಕೊಡುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ ಇರುವುದರಿಂದ ತಾಯಿಯಿಂದ ಬಂದ ಒಂದು ಪ್ರತಿ ಸಾಕು. ಹೆಣ್ಣು ಪೂರ್ತಿ ಕೆಂಪಾಗಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಅದು ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಕಪ್ಪು ಕೆಂಪು ಮಿಶ್ರವಾದ ಬೆಕ್ಕು ಹುಟ್ಟುತ್ತದೆ. ಆದ್ದರಿಂದಲೇ ಅಂಥ ಮಿಶ್ರವರ್ಣದವು ಬಹುತೇಕ ಎಲ್ಲವೂ ಹೆಣ್ಣು.

ಆ ವಂಶವಾಹಿ ನಿಖರವಾಗಿ ಯಾವುದು ಎಂಬುದು ನೂರು ವರ್ಷ ಒಗಟಾಗಿಯೇ ಉಳಿದಿತ್ತು. 2025ರಲ್ಲಿ ಜಪಾನಿನ ಕ್ಯೂಷೂ ವಿಶ್ವವಿದ್ಯಾಲಯದ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಡು ಸಂಶೋಧಕ ತಂಡಗಳು ಪ್ರತ್ಯೇಕವಾಗಿ ಒಂದೇ ಉತ್ತರವನ್ನು ಪ್ರಕಟಿಸಿದವು. ಕೆಂಬೆಕ್ಕಿನ ಡಿ.ಎನ್.ಎ.ಯಲ್ಲಿ ಸುಮಾರು 5,000 ಅಕ್ಷರಗಳಷ್ಟು ಉದ್ದದ ಒಂದು ತುಣುಕು ಇಲ್ಲ. ಅದು ಇಲ್ಲದ್ದರಿಂದ ಪಕ್ಕದ ವಂಶವಾಹಿಯೊಂದು ಹೆಚ್ಚು ಚುರುಕಾಗಿ, ಕಪ್ಪಾಗಬೇಕಾದ ಕೂದಲು ಕೆಂಪಾಗುತ್ತದೆ. ಕೊರತೆಯೊಂದು ಇಷ್ಟು ಚೆಲುವಾಗಬಲ್ಲದು! ತಮ್ಮಲ್ಲಿ ಏನೋ ಇಲ್ಲವೆಂದು ಕೊರಗುವ ಎಷ್ಟು ಜನ ನಮ್ಮ ನಡುವೆ ಇದ್ದಾರೆ. ಮಕ್ಕಳಿಲ್ಲ, ವಿದ್ಯೆಯಿಲ್ಲ, ಜೊತೆಗಾರರಿಲ್ಲ ಎನ್ನುತ್ತಾರೆ. ಇಲ್ಲದಿರುವ ಜಾಗದಲ್ಲೂ ದೇವರು ಬಣ್ಣ ಹಚ್ಚಬಲ್ಲರು ಎಂದು ಅವರಿಗೆ ಹೇಳಬೇಕೆನಿಸುತ್ತದೆ.

ಕೆಂಬೆಕ್ಕಿನ ಮೈಮೇಲೆ ಪಟ್ಟೆಗಳಿರುತ್ತವೆ, ಹಣೆಯ ಮೇಲೆ ಇಂಗ್ಲಿಷಿನ 'ಎಂ' ಅಕ್ಷರದಂಥ ಗುರುತೂ ಇರುತ್ತದೆ. ಯೂರೋಪಿನ ಕ್ರೈಸ್ತರಲ್ಲಿ ಇದಕ್ಕೊಂದು ಸುಂದರ ಕಥೆಯಿದೆ. ಬೆತ್ಲೆಹೇಮಿನ ಗೋದಲಿಯಲ್ಲಿ ಬಾಲಯೇಸು ಚಳಿಗೆ ನಡುಗುತ್ತಿದ್ದಾಗ ಪಟ್ಟೆ ಬೆಕ್ಕೊಂದು ಬಂದು ಕಂದನ ಪಕ್ಕದಲ್ಲಿ ಮುದುರಿಕೊಂಡು ಬೆಚ್ಚಗೆ ಮಾಡಿತಂತೆ. ಮಾತೆ ಮರಿಯಮ್ಮನವರು ಕೃತಜ್ಞತೆಯಿಂದ ಅದರ ಹಣೆಯನ್ನು ಮುಟ್ಟಿದಾಗ ಅವರ ಹೆಸರಿನ ಮೊದಲಕ್ಷರ ಅಲ್ಲಿ ಮೂಡಿತಂತೆ. ಇದು ದಂತಕಥೆ, ಶುಭಸಂದೇಶದಲ್ಲಿ ಇಲ್ಲ. ಆದರೆ ಆ ಕಥೆಯಲ್ಲಿ ಬೆಕ್ಕು ಮಾಡಿದ್ದೇನು ಎಂದು ಗಮನಿಸಿ. ಅದು ಚಿನ್ನ, ಧೂಪ ತರಲಿಲ್ಲ. ಪಕ್ಕದಲ್ಲಿ ಮಲಗಿತು. ಅಜ್ಜಿಯ ಮನೆಯಲ್ಲಿ ಕೆಂಚನೂ ಅದನ್ನೇ ಮಾಡುತ್ತಿದ್ದ.

ತಾನಾಗಿ ಬಂದ ಪ್ರಾಣಿ

ಹಸು, ಕುರಿ, ಕುದುರೆಗಳನ್ನು ಮನುಷ್ಯ ಹಿಡಿದು ಪಳಗಿಸಿದ. ಬೆಕ್ಕಿನ ಕಥೆ ಬೇರೆ. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಟ್ಟಾಗ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು, ಬಂದದ್ದು ಮೆಲ್ಲಗೆ ಒಲೆಯ ಪಕ್ಕಕ್ಕೆ ಸರಿಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಗೋರಿಯಲ್ಲಿ ಮನುಷ್ಯನ ಅಸ್ಥಿಯಿಂದ ಒಂದು ಮೊಳಕ್ಕೂ ಕಡಿಮೆ ದೂರದಲ್ಲಿ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ್ದನ್ನು ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಮೆಕ್ಕೆಜೋಳ, ಶೇಂಗಾ ಮೂಟೆಗಳನ್ನು ಮನೆಯಲ್ಲಿಡುವ ನಮ್ಮ ಕಡೆಯ ರೈತನಿಗೆ ಈ ಹಳೆಯ ಒಪ್ಪಂದವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ 'ಮಿಯಾಂವ್' ಎನ್ನುವುದು ಅಪರೂಪ. ಮರಿ ತಾಯಿಯನ್ನು ಕರೆಯುವ ಆ ದನಿಯನ್ನು ಬೆಳೆದ ಮೇಲೂ ಅವು ಉಳಿಸಿಕೊಂಡಿರುವುದು ಹೆಚ್ಚಾಗಿ ನಮಗಾಗಿ. ಸಂತೋಷದಲ್ಲಿ ಗುರುಗುಡುವಂತೆ ನೋವಿನಲ್ಲೂ ಅವು ಗುರುಗುಡುತ್ತವೆ. ಆ ಸದ್ದು ಕೇಳಿದೊಡನೆ ಎಲ್ಲ ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ. ಪೂಜೆಯ ನಂತರ ನಗುತ್ತಾ ಕೈಮುಗಿದು ಹೋಗುವ ಅನೇಕರೂ ಹಾಗೆಯೇ. ಹತ್ತಿರ ಹೋಗಿ ಕೇಳಿದರೆ ಮಾತ್ರ ತಿಳಿಯುತ್ತದೆ.

ಗುರುಮಠದಲ್ಲಿ ಭಾರತೀಯ ತತ್ವಶಾಸ್ತ್ರದ ಪಾಠದಲ್ಲಿ ಕೇಳಿದ ಒಂದು ಉಪಮೆ ನೆನಪಾಗುತ್ತದೆ. ಶ್ರೀವೈಷ್ಣವರಲ್ಲಿ ಎರಡು ಪಂಥಗಳವರು ದೇವರ ಕೃಪೆಯನ್ನು ಕುರಿತು ವಾದ ಮಾಡುವಾಗ, ಒಬ್ಬರು ಕೋತಿಮರಿಯನ್ನೂ ಮತ್ತೊಬ್ಬರು ಬೆಕ್ಕಿನ ಮರಿಯನ್ನೂ ತೋರಿಸಿದರು. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿ ಕೂಗುತ್ತದೆ, ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಾಳೆ. ನಮ್ಮ ಧರ್ಮಸಭೆಯ ಬೋಧನೆಯಲ್ಲಿ ಎರಡಕ್ಕೂ ಜಾಗವಿದೆ. ಕೃಪೆ ಮೊದಲು ದೇವರಿಂದ ಬರುತ್ತದೆ, ನಾವು ಅದಕ್ಕೆ ಕೈಚಾಚಬೇಕು. ಆದರೆ ಕೈಯಲ್ಲಿ ಹಿಡಿಯುವ ಬಲವೂ ಉಳಿಯದ ದಿನಗಳು ಮುಪ್ಪಿನಲ್ಲಿ, ಕಾಯಿಲೆಯಲ್ಲಿ ಬರುತ್ತವೆ. ಆಗ ಕೂಗುವುದಷ್ಟೇ ಸಾಧ್ಯ. ಆ ಕೂಗನ್ನು ದೇವರು ಕೇಳುತ್ತಾರೆ ಎಂದು ನಂಬುತ್ತೇವೆ. ಹಾಗಾದರೆ ಎತ್ತಿಕೊಂಡು ಹೋಗುವ ಕೈ ಯಾರದಾಗಬೇಕು?

ಸಂತರು, ಪೋಪರು ಮತ್ತು ಒಬ್ಬ ಬೀದಿಗಾಯಕ

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2415ರಿಂದ 2418ರವರೆಗಿನ ಪರಿಚ್ಛೇದಗಳು ಇದನ್ನೇ ಕುರಿತಿವೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆಯ ಋಣಿಗಳು. ವೃಥಾ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧ. ಹಾಗೆಯೇ ಬಡವನ ಕಣ್ಣೀರು ಒರೆಸಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸಲ್ಲದು. 2022ರ ಜನವರಿ 5ರಂದು ಪೋಪ್ ಫ್ರಾನ್ಸಿಸರು, ಮಕ್ಕಳನ್ನು ಬೇಡವೆಂದು ನಾಯಿ ಬೆಕ್ಕುಗಳಿಗೆ ಆ ಸ್ಥಾನ ಕೊಡುವ ದಂಪತಿಗಳನ್ನು ಕುರಿತು ನೊಂದು ಮಾತನಾಡಿದ್ದೂ ಈ ಅರ್ಥದಲ್ಲಿಯೇ. ನಾನು ಅಜ್ಜಿಗೆ ಹೇಳಿದ್ದು ಇದನ್ನೇ. ಆದರೆ ಅದೇ ಗ್ರಂಥ ಅಸ್ಸಿಸಿಯ ಸಂತ ಫ್ರಾನ್ಸಿಸರ ಮತ್ತು ಸಂತ ಫಿಲಿಪ್ ನೇರಿಯವರ ಕೋಮಲತೆಯನ್ನೂ ನೆನಪಿಸುತ್ತದೆ. ಅದನ್ನು ಹೇಳಲು ಮರೆತಿದ್ದೆ.

ಸಂತ ಫಿಲಿಪ್ ನೇರಿಯವರು 1583ರಲ್ಲಿ ರೋಮಿನಲ್ಲಿ ತಮ್ಮ ಹಳೆಯ ಬಿಡಾರವನ್ನು ಬಿಟ್ಟು ಹೊಸ ಮಠಕ್ಕೆ ಹೋದಾಗ ಬೆಕ್ಕನ್ನು ಹಳೆಯ ಜಾಗದಲ್ಲೇ ಬಿಟ್ಟರು. ಆದರೆ ಮರೆಯಲಿಲ್ಲ. ಅದಕ್ಕೆ ಊಟ ಹಾಕಿ ಬರಲು ಶಿಷ್ಯರನ್ನು ಕಳುಹಿಸುತ್ತಿದ್ದರು, ಬಂದವರನ್ನು ಅದರ ಯೋಗಕ್ಷೇಮ ಕೇಳುತ್ತಿದ್ದರು. ವಿದ್ಯಾವಂತರೂ ಮನೆತನಸ್ಥರೂ ಆದ ಶಿಷ್ಯರಿಗೆ ಅದು ವಿನಯದ ಪಾಠವೂ ಆಯಿತು.

ನಮ್ಮ ಕಾಲದ ಒಬ್ಬ ಕೆಂಬೆಕ್ಕಿನ ಕಥೆಯಂತೂ ಪುಸ್ತಕವೇ ಆಗಿದೆ. ಪೋಪ್ ಹದಿನಾರನೆಯ ಬೆನೆಡಿಕ್ಟರು ಕಾರ್ಡಿನಲ್ ಆಗಿದ್ದಾಗ ರಜೆಯಲ್ಲಿ ಜರ್ಮನಿಯ ಪೆಂಟ್ಲಿಂಗ್ ಊರಿನ ತಮ್ಮ ಮನೆಗೆ ಹೋದರೆ ನೆರೆಮನೆಯ ಚಿಕೊ ಎಂಬ ಕೆಂಬೆಕ್ಕು ಅವರ ತೋಟಕ್ಕೆ ಬರುತ್ತಿತ್ತು. ಬೆಕ್ಕೇ ಹೇಳಿದಂತೆ ಬರೆದ ಅವರ ಜೀವನಚರಿತ್ರೆ 2007ರಲ್ಲಿ ಮಕ್ಕಳಿಗಾಗಿ ಪ್ರಕಟವಾಯಿತು. ದೈವಶಾಸ್ತ್ರದ ದೊಡ್ಡ ಗ್ರಂಥಗಳನ್ನು ಬರೆದ ಆ ಮೌನಿ ವಿದ್ವಾಂಸರು ನಮ್ಮಂತೆಯೇ ಒಬ್ಬರು ಎಂದು ಮಕ್ಕಳಿಗೆ ತೋರಿಸಿಕೊಟ್ಟದ್ದು ನೆರೆಮನೆಯ ಬೆಕ್ಕು.

ಮತ್ತೊಂದು ಕೆಂಬೆಕ್ಕು ಲಂಡನ್ನಿನ ಬಾಬ್. ಮಾದಕವಸ್ತುಗಳ ಚಟದಿಂದ ಹೊರಬರಲು ಚಿಕಿತ್ಸೆ ಪಡೆಯುತ್ತಾ ಬೀದಿಯಲ್ಲಿ ಗಿಟಾರ್ ಬಾರಿಸಿ ಬದುಕುತ್ತಿದ್ದ ಜೇಮ್ಸ್ ಬೋವೆನ್ ಎಂಬ ಯುವಕನಿಗೆ 2007ರಲ್ಲಿ ಕಾಲಿಗೆ ಗಾಯವಾಗಿದ್ದ ಈ ಬೆಕ್ಕು ಸಿಕ್ಕಿತು. ತನ್ನಲ್ಲಿದ್ದ ಅಲ್ಪ ಹಣದಿಂದ ಔಷಧಿ ಕೊಡಿಸಿದ. ವಾಸಿಯಾದ ಮೇಲೆ ಅದು ಹೋಗಲಿಲ್ಲ, ಅವನ ಹೆಗಲೇರಿ ಕುಳಿತಿತು. ಅದುವರೆಗೆ ಅವನನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತಿದ್ದ ಜನ ಬೆಕ್ಕಿಗಾಗಿ ನಿಂತರು, ನಿಂತ ಮೇಲೆ ಅವನೊಡನೆ ಮಾತನಾಡಿದರು. 2012ರಲ್ಲಿ ಅವನು ಬರೆದ ಪುಸ್ತಕವನ್ನು ಲಕ್ಷಾಂತರ ಜನ ಓದಿದರು. 2020ರಲ್ಲಿ ಬಾಬ್ ಸತ್ತಾಗ, ತನ್ನ ಜೀವ ಉಳಿಸಿದ್ದು ಅದೇ ಎಂದು ಬೋವೆನ್ ಹೇಳಿಕೊಂಡ. ಆ ಬೆಕ್ಕು ಅವನನ್ನು ಮನುಷ್ಯರಿಂದ ದೂರ ಮಾಡಲಿಲ್ಲ, ಮರಳಿ ಮನುಷ್ಯರ ಬಳಿಗೆ ತಂದಿತು.

ಪ್ರಿಯರೇ, ಅಜ್ಜಿಯ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಪ್ರಾಣಿಯ ಮೇಲಿನ ಪ್ರೀತಿ ನಮ್ಮ ಬಾಗಿಲನ್ನು ಮುಚ್ಚಿಸಿದರೆ ಅದು ದಾರಿ ತಪ್ಪಿದೆ. ಬಾಗಿಲನ್ನು ತೆರೆಯಿಸಿದರೆ ಅದು ದೇವರ ವರ.

ಜನವರಿಯ ಒಂದು ಬೆಳಗ್ಗೆ

ಅಜ್ಜಿಯ ಬಾಗಿಲು ತೆರೆಯಿತೇ? ಕೇಳಿ. ಈ ಜನವರಿಯಲ್ಲಿ ಒಂದು ಬೆಳಗ್ಗೆ ಕೆಂಚ ಮುಚ್ಚಿದ ಬಾಗಿಲ ಮುಂದೆ ಬಹಳ ಹೊತ್ತು ಕೂಗುತ್ತಿದ್ದ. ದಿನವೂ ಆ ಹೊತ್ತಿಗೆ ಬಾಗಿಲು ತೆರೆದು ಅನ್ನ ಬೀಳುತ್ತಿತ್ತು. ಎದುರುಮನೆಯ ತಾಯಿ, ಇಷ್ಟಲಿಂಗ ಧರಿಸುವ ಶರಣೆ, "ಇವತ್ತೇಕೆ ಇದು ಹೀಗೆ ಅರಚುತ್ತಿದೆ?" ಎಂದು ಬಂದು ಕಿಟಕಿಯಲ್ಲಿ ಇಣುಕಿದರು. ಅಜ್ಜಿ ಜ್ವರದಿಂದ ಮೇಲೇಳಲಾಗದೆ ಮಲಗಿದ್ದರು. ಅಕ್ಕಪಕ್ಕದವರು ಸೇರಿ ಬಾಗಿಲು ತೆಗೆಸಿ ಆಸ್ಪತ್ರೆಗೆ ಸೇರಿಸಿದರು. ಒಂದು ವಾರದಲ್ಲಿ ಚೇತರಿಸಿಕೊಂಡರು.

ಕೆಂಚ ಪವಾಡ ಮಾಡಲಿಲ್ಲ. ಅವನಿಗೆ ಹಸಿವಾಗಿತ್ತು, ಅಷ್ಟೆ. ಆದರೆ ಅವನು ದಿನವೂ ಬರುವವನಾಗಿದ್ದುದರಿಂದ ಒಂದು ದಿನದ ವ್ಯತ್ಯಾಸ ಅವನಿಗೆ ತಿಳಿಯಿತು. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಬಸವಣ್ಣನವರ ಹಾದಿಯ ಆ ತಾಯಿ ಅವನ ಕೂಗಿಗೆ ಎದ್ದು ಬಂದರು. ಧರ್ಮಕೇಂದ್ರದ ಗುರುವಾದ ನನಗೆ ವಿಷಯ ತಿಳಿದದ್ದು ಮೂರು ದಿನಗಳ ನಂತರ. ನಮ್ಮ ದಾಖಲೆ ಪುಸ್ತಕದಲ್ಲಿ ಆಕೆಯ ಹೆಸರಿದೆ, ಕುಟುಂಬದ ಸಂಖ್ಯೆಯಿದೆ, ವಾರ್ಷಿಕ ಕಾಣಿಕೆಯ ರಸೀದಿಯೂ ಇದೆ. ದಿನವೂ ಆಕೆಯ ಬಾಗಿಲನ್ನು ನೋಡುವ ಕಣ್ಣು ಮಾತ್ರ ನಮ್ಮದಾಗಿರಲಿಲ್ಲ. ಈ ಪಾಪವನ್ನು ನಾನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ. ನಿಮ್ಮ ಮುಂದೆಯೂ ಹೇಳುತ್ತಿದ್ದೇನೆ.

ಈಗ ನಮ್ಮ ಯುವಕರು ಸರದಿಯಂತೆ ಪ್ರತಿ ವಾರ ಹೋಗುತ್ತಾರೆ. ಉಪದೇಶಿಯವರು ಹೋಗುವಾಗ ಕೆಂಚನಿಗೂ ಏನಾದರೂ ಕಟ್ಟಿಕೊಂಡು ಹೋಗುತ್ತಾರೆ. ಅವನು ಅಡ್ಡ ಬಂದರೆ ಈಗ ಯಾರೂ ನಿಲ್ಲುವುದಿಲ್ಲ, ಅವನ ಹಿಂದೆಯೇ ಹೋಗುತ್ತಾರೆ.

ಬೆಕ್ಕು ಸಾಕುವವರಿಗೆ ಒಂದೆರಡು ವ್ಯಾವಹಾರಿಕ ಮಾತು. ಬೇಡವಾದ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯಲ್ಲೋ ಕೆರೆಯ ಏರಿಯ ಮೇಲೋ ಬಿಟ್ಟು ಬರುವುದು ಕ್ರೂರತನ. ಪಶುವೈದ್ಯರ ಬಳಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ತಪ್ಪದೆ ಆಸ್ಪತ್ರೆಗೆ ಹೋಗಿ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಸುವಿನ ಹಾಲು ಅರಗುವುದಿಲ್ಲ, ಬಟ್ಟಲಲ್ಲಿ ಶುದ್ಧ ನೀರಿಡುವುದು ಮುಖ್ಯ.

ಈ ವಾರ ಮನೆಮಂದಿ ಕೂಡಿ

1. ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು? ಅವರ ಬಾಗಿಲು ಒಂದು ದಿನ ತೆರೆಯದಿದ್ದರೆ ನಮಗೆ ತಿಳಿಯುವುದೇ?

2. ಯಾವ ಯಾವ ಶಕುನಗಳಿಗೆ ನಾವು ಇನ್ನೂ ಹೆದರುತ್ತೇವೆ? ಮಕ್ಕಳ ಮುಂದೆ ಅವುಗಳನ್ನು ಬಿಡಲು ತೀರ್ಮಾನಿಸೋಣವೇ?

3. ಮನೆಯ ಮಕ್ಕಳಿಗೆ ಒಂದು ಮೂಕಪ್ರಾಣಿಯ ಊಟ ನೀರಿನ ಹೊಣೆಯನ್ನು ಒಪ್ಪಿಸಿ. ದಿನವೂ ನೆನಪಿಟ್ಟು ಮಾಡುವ ಪ್ರೀತಿ ಅಲ್ಲಿಂದಲೇ ಆರಂಭವಾಗಲಿ.

ಪ್ರಾರ್ಥಿಸೋಣ

ಸಕಲ ಜೀವಿಗಳನ್ನು ಸೃಷ್ಟಿಸಿದ ಪಿತ ದೇವರೇ, ಒಂಟಿಯಾಗಿರುವವರ ಹೊಸಿಲಿಗೆ ನೀವು ಕಳುಹಿಸುವ ಪುಟ್ಟ ಜೊತೆಗಾರರಿಗಾಗಿ ನಿಮಗೆ ವಂದನೆ. ನಾವು ಹೋಗದೆ ಉಳಿದ ಮನೆಗಳಿಗಾಗಿ ನಮ್ಮನ್ನು ಕ್ಷಮಿಸಿ. ಕೂಗು ಕೇಳಿದಾಗ ಎದ್ದು ಹೋಗುವ ಕಾಲನ್ನೂ, ಬಾಗಿಲು ತಟ್ಟುವ ಕೈಯನ್ನೂ ನಮಗೆ ಕೊಡಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.